ದೂರದ ಬೆಟ್ಟವೂ ಹತ್ತಿರದ ಗಾಜೂ

ಚಿತ್ರವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ ಹೋಳಿಗೆಯ ರುಚಿಯನ್ನು ಕಾಗದದಲ್ಲಿ ಬರೆದು ಕಳಿಸಿದಂತೆ. ಆದರೂ ಈ ಸಾಹಸಕ್ಕೆ ಕೈಹಾಕಿದ್ದೇನೆ. ಅದಕ್ಕೆ ಕಾರಣ, ಕೆಲವು ತರುಣರು ನನ್ನನ್ನು ಕಂಡು ಕೇಳಿದ ಒಂದು ಪ್ರಶ್ನೆ. ಕೊಳ್ಳೇಗಾಲದ ಆಚೆ, ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಹೋಗಿ, ಅಲ್ಲಿಯ ಟಿಬೆಟನ್ ಹಿರಿಯರನ್ನೂ ಸುತ್ತಣ ಸೋಲಿಗರ ಪೋಡುಗಳನ್ನೂ ಕುರಿತು ಒಂದು ಸಾಕ್ಷ್ಯಚಿತ್ರ ತೆಗೆಯಬೇಕೆಂಬುದು ಅವರ ಆಸೆ. ಕ್ಯಾಮೆರಾ ಗೊತ್ತಾಗಿದೆ, ಹಣವೂ ಅಷ್ಟಿಷ್ಟು ಕೂಡಿದೆ. ‘ಮಸೂರ ಯಾವುದನ್ನು ಒಯ್ಯೋಣ?’ ಎಂಬುದು ಪ್ರಶ್ನೆ. ಅವರಲ್ಲೊಬ್ಬ ಉತ್ತರವನ್ನೂ ತಾನೇ ಸೂಚಿಸಿದ. ದೂರದಲ್ಲಿದ್ದುದನ್ನು ಹತ್ತಿರಕ್ಕೆ ಎಳೆಯಬಲ್ಲ ಒಂದು ದೊಡ್ಡ ಜೂಮ್ ಇದ್ದರೆ ಸಾಕು. ಕೆಲಸವೂ ಬೇಗ ಮುಗಿಯುತ್ತದೆ, ಜನಕ್ಕೆ ತಿಳಿಯುವುದೂ ಇಲ್ಲ ಎಂದ. ‘ಜನಕ್ಕೆ ತಿಳಿಯುವುದೂ ಇಲ್ಲ’ ಎಂಬ ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಇಂದಿನ ಮಾತು ಆ ಮುಳ್ಳನ್ನು ತೆಗೆದುಕೊಳ್ಳುವ ಪ್ರಯತ್ನ.

ಮೊದಲು ಊರಿನ ವಿಷಯ. ಬಿಳಿಗಿರಿರಂಗನ ಬೆಟ್ಟದ ಸಾಲು ಒಂದು ಕಡೆ, ಮಲೆ ಮಹದೇಶ್ವರನ ಬೆಟ್ಟಗಳು ಇನ್ನೊಂದು ಕಡೆ. ಇವೆರಡರ ನಡುವಣ ಸೀಮೆ ಒಡೆಯರಪಾಳ್ಯದ್ದು. 1959ರಲ್ಲಿ ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗಾಗಿ ಕರ್ನಾಟಕದಲ್ಲಿ ಬೈಲಕುಪ್ಪೆ, ಮುಂಡಗೋಡು ಮೊದಲಾದೆಡೆ ನೆಲೆಗಳಾದ ಮೇಲೆ, 1970ರ ದಶಕದ ಮೊದಲರ್ಧದಲ್ಲಿ ಇಲ್ಲಿಯೂ ಧೊಂಡೆನ್‌ಲಿಂಗ್ ಎಂಬ ನೆಲೆಯಾಯಿತು. ಹಿಮದ ನಾಡಿನವರು ಇಲ್ಲಿ ಮುಸುಕಿನ ಜೋಳ ಬಿತ್ತಿದರು. ಜೋಳದ ಹೊಲದ ಅಂಚಿನಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಹಾರಾಡಿದವು. ಜೊಗ್‌ಚೆನ್ ವಿಹಾರದ ಮಂತ್ರಘೋಷವೂ ಮಾದಪ್ಪನ ಪರುಷೆಗೆ ಹೊರಟವರ ಕಂಸಾಳೆಯ ನಾದವೂ ಒಂದೇ ಗಾಳಿಯಲ್ಲಿ ಬೆರೆಯುವ ಸೀಮೆ ಇದು. ಒಂದು ಲೆಕ್ಕವನ್ನು ಇಲ್ಲಿ ನೆನೆಯಬೇಕು. 1959ರಲ್ಲಿ ಇಪ್ಪತ್ತು ವರ್ಷದವರಾಗಿ ಗಡಿ ದಾಟಿದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ತಾಯ್ನಾಡನ್ನು ಬಲ್ಲ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಿವೆ. ಆ ತರುಣರು ತೆಗೆಯಲಿರುವ ಚಿತ್ರಕ್ಕೆ ಮರುಚಿತ್ರೀಕರಣದ ಅವಕಾಶವಿರಲಾರದು. ಮಸೂರದ ಪ್ರಶ್ನೆ ಬರಿಯ ಸಲಕರಣೆಯ ಪ್ರಶ್ನೆಯಲ್ಲವೆಂದು ನನಗೆ ತೋರಿದ್ದು ಇದರಿಂದಲೇ.

ಇನ್ನು ಮಸೂರದ ವಿಷಯ. ಹೊರಗಿನಿಂದ ಬಂದ ಬೆಳಕಿನ ಕಿರಣಗಳನ್ನು ಬಾಗಿಸಿ ಒಂದು ತಲದ ಮೇಲೆ ಒಗ್ಗೂಡಿಸುವುದು ಅದರ ಕೆಲಸ. ಬಹು ದೂರದ ವಸ್ತುವಿನ ಬಿಂಬ ಎಷ್ಟು ದೂರದಲ್ಲಿ ಮೂಡುತ್ತದೆಯೋ ಅದನ್ನು ಸಂಗಮದೂರ ಎನ್ನುತ್ತಾರೆ, ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಸಂಗಮದೂರ ಕಡಿಮೆಯಾದಷ್ಟೂ ನೋಟ ಅಗಲ. ಹೆಚ್ಚಿದಷ್ಟೂ ನೋಟ ಕಿರಿದು, ವಸ್ತು ದೊಡ್ಡದು. 36 ಮಿಲಿಮೀಟರು ಅಗಲದ ಬಿಂಬಫಲಕವುಳ್ಳ ಕ್ಯಾಮೆರಾದಲ್ಲಿ 18 ಮಿ.ಮೀ. ಮಸೂರ ಅಡ್ಡಲಾಗಿ 90 ಡಿಗ್ರಿಯಷ್ಟು ಲೋಕವನ್ನು ಬಾಚಿಕೊಳ್ಳುತ್ತದೆ; 35 ಮಿ.ಮೀ. ಸುಮಾರು 54 ಡಿಗ್ರಿಯನ್ನು; 85 ಮಿ.ಮೀ. ಕೇವಲ 24 ಡಿಗ್ರಿಯನ್ನು. ಈ ಸಂಗಮದೂರವನ್ನು ಬೇಕಾದಂತೆ ಬದಲಿಸಬಲ್ಲದ್ದು ಜೂಮ್. ಬದಲಿಸಲಾರದ್ದು ಪ್ರೈಮ್. ಪ್ರೈಮ್ ಮಸೂರದ ಹೆಗ್ಗಳಿಕೆಯೂ ಕೊರತೆಯೂ ಒಂದೇ: ಅದು ಹಟಮಾರಿ. ಚಿತ್ರದ ಚೌಕಟ್ಟು ಬದಲಾಗಬೇಕಾದರೆ ಮಸೂರ ಜಗ್ಗುವುದಿಲ್ಲ. ಮನುಷ್ಯನೇ ಕಾಲೆತ್ತಿ ನಡೆಯಬೇಕು.

ಮಸೂರವೆಂದರೆ ಒಂದೇ ಗಾಜಲ್ಲ, ಗಾಜುಗಳ ಒಂದು ಕೂಡುಕುಟುಂಬ. ಒಂದೇ ಗಾಜಿಟ್ಟರೆ ಅಂಚಿನಲ್ಲಿ ಬಣ್ಣಗಳು ಸೋರುತ್ತವೆ, ನೇರ ಗೆರೆ ಬಾಗುತ್ತದೆ. ಒಂದರ ದೋಷವನ್ನು ಇನ್ನೊಂದು ತಿದ್ದುವಂತೆ ಬೇರೆ ಬೇರೆ ಗುಣದ ಗಾಜುಗಳನ್ನು ಜೋಡಿಸುವುದೇ ಈ ವಿದ್ಯೆಯ ಸಾರ. 1893ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಮೂರೇ ಗಾಜುಗಳಿಂದ ಮುಖ್ಯ ದೋಷಗಳನ್ನೆಲ್ಲ ಹತೋಟಿಗೆ ತಂದ. ಕುಕ್ ಟ್ರಿಪ್ಲೆಟ್ ಎಂದು ಅದಕ್ಕೆ ಹೆಸರಾಯಿತು. 1896ರಲ್ಲಿ ಪ್ಲಾನರ್, 1902ರಲ್ಲಿ ಟೆಸ್ಸಾರ್ ಜರ್ಮನಿಯ ಝೈಸ್ ಕಾರ್ಖಾನೆಯಿಂದ ಬಂದವು. ಆದರೆ ಗಾಜು ಹೆಚ್ಚಿದಂತೆ ಬೇರೊಂದು ಕಷ್ಟ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ. ಬಿಡಿಬಿಡಿಯಾದ ಹನ್ನೆರಡು ಗಾಜುಗಳಿದ್ದರೆ ಇಪ್ಪತ್ತನಾಲ್ಕು ಮೈ. ಒಳಗೆ ತಲಪುವುದು ನೂರಕ್ಕೆ ಮೂವತ್ತೆಂಟಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟು ಒಳಗೊಳಗೇ ಅಲೆದು ಚಿತ್ರದ ಮೇಲೆ ಮಬ್ಬನ್ನು ಹರಡುತ್ತದೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ ತೆಳುಲೇಪ ಈ ಸೋರಿಕೆಯನ್ನು ತಡೆಯಿತು. ಇಂದು ನಾವು ಚಿತ್ರದಲ್ಲಿ ಮೆಚ್ಚುವ ಗಾಢ ಕಪ್ಪು, ಬೆಳಕಿನ ಅಲೆಯುದ್ದಕ್ಕಿಂತಲೂ ತೆಳುವಾದ ಆ ಲೇಪದ ಕೊಡುಗೆ.

ನಮ್ಮ ತರುಣರು ಬೆಂಗಳೂರಿನಲ್ಲಿ ದಿನಬಾಡಿಗೆಗೆ ತರಬಹುದಾದದ್ದು ಇವೇ ಮನೆತನದ ಹೊಸ ಪೀಳಿಗೆಯ ಮಸೂರಗಳನ್ನು. ದೊಡ್ಡ ಸಿನಿಮಾದ ಮಸೂರಗಳು ಭಾರಿ ಆಸಾಮಿಗಳು. 2005ರಲ್ಲಿ ಬಂದ ಮಾಸ್ಟರ್ ಪ್ರೈಮ್ ಮಾಲಿಕೆಯಲ್ಲಿ ಒಂದೊಂದೂ ಎರಡು ಕಿಲೋಗ್ರಾಮಿಗೂ ಹೆಚ್ಚು. ಅಂಥ ಹತ್ತನ್ನು ಹೊತ್ತು ಸೋಲಿಗರ ಪೋಡಿಗೆ ನಡೆಯಬೇಕಾದರೆ ಚಿತ್ರತಂಡಕ್ಕಿಂತ ಕೂಲಿಯಾಳುಗಳೇ ಹೆಚ್ಚು ಬೇಕಾದೀತು. ಇದಕ್ಕೆ ಉತ್ತರವಾಗಿ ಬಂದವು ಕಿರುಗಾತ್ರದ ಸಿನಿಮಾ ಪ್ರೈಮ್‌ಗಳು. ಝೈಸ್ ಸಂಸ್ಥೆ 2017ರಲ್ಲಿ ಹೊರತಂದ ಸಿಪಿ.3 ಎಂಬ ಮಾಲಿಕೆಯನ್ನೇ ಉದಾಹರಣೆಯಾಗಿ ನೋಡೋಣ. 15 ಮಿ.ಮೀ.ನಿಂದ 135 ಮಿ.ಮೀ.ವರೆಗೆ ಹತ್ತು ಮಸೂರಗಳು. ಮುಂಬದಿಯ ವ್ಯಾಸ ಎಲ್ಲಕ್ಕೂ 95 ಮಿಲಿಮೀಟರು. ತೂಕ ಒಂದು ಕಿಲೋಗ್ರಾಮಿನ ಆಸುಪಾಸು. ಹೆಗಲಚೀಲದಲ್ಲಿ ಮೂರನ್ನು ಹಾಕಿಕೊಂಡು ಕಾಡುದಾರಿ ತುಳಿಯಬಹುದು.

ಸ್ಥಿರಚಿತ್ರದ ಮಸೂರವನ್ನೇ ಸಿನಿಮಾಕ್ಕೂ ಬಳಸಬಾರದೆ ಎಂದು ನೀವು ಕೇಳಬಹುದು. ಬಳಸುವವರುಂಟು. ಆದರೆ ಛಾಯಾಚಿತ್ರ ಒಂದು ಕ್ಷಣದ ವ್ಯವಹಾರ. ಸಿನಿಮಾ ಕ್ಷಣದಿಂದ ಕ್ಷಣಕ್ಕೆ ಸಾಗುವ ಸಂಸಾರ. ಮುದುಕಿಯೊಬ್ಬಳು ಜೋಳದ ರಾಶಿಯಿಂದ ಎದ್ದು ಬಾಗಿಲಿನ ಕಡೆ ನಡೆದು ಬರುವಾಗ, ಸ್ಪಷ್ಟತೆಯೂ ಅವಳೊಡನೆ ಹೆಜ್ಜೆ ಹೆಜ್ಜೆಗೆ ನಡೆದು ಬರಬೇಕು. ಇದಕ್ಕಾಗಿಯೇ ಸಿನಿಮಾ ಮಸೂರದ ಬಳೆ ಸುಮಾರು 300 ಡಿಗ್ರಿ ತಿರುಗುತ್ತದೆ. ವೀಣೆಯ ತಂತಿಯನ್ನು ಶ್ರುತಿಗೆ ತರುವಂತೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಲು ಅದರಲ್ಲಿ ಅವಕಾಶವುಂಟು. ಬೆಳಕಿನ ಅಳತೆಯಲ್ಲಿಯೂ ಪ್ರಾಮಾಣಿಕತೆಯುಂಟು. ಸ್ಥಿರಚಿತ್ರದ ಎಫ್ ಸಂಖ್ಯೆ ಕಿಂಡಿಯ ರೇಖಾಗಣಿತವನ್ನು ಮಾತ್ರ ಹೇಳುತ್ತದೆ. ಸಿನಿಮಾದ ಟಿ ಸಂಖ್ಯೆ ಗಾಜು ದಾಟಿ ಒಳಗೆ ನಿಜವಾಗಿ ತಲಪಿದ ಬೆಳಕನ್ನು ಹೇಳುತ್ತದೆ. ಸಂಬಳ ಇಷ್ಟೆಂದು ಹೇಳುವುದು ಬೇರೆ, ಮನೆಗೆ ಬಂದ ಹಣ ಇಷ್ಟೆಂದು ಹೇಳುವುದು ಬೇರೆ. ಇಂಥ ಕಿರು ಪ್ರೈಮ್‌ಗಳಲ್ಲಿ ಹೆಚ್ಚಿನವು ಟಿ 2.1ರಷ್ಟು ತೆರೆಯುತ್ತವೆ. ಟಿ 4.2ರಷ್ಟು ತೆರೆಯುವ ಜೂಮ್ ಒಂದರ ಪಕ್ಕದಲ್ಲಿಟ್ಟರೆ ಇದು ಒಳಗೆ ಬಿಡುವ ಬೆಳಕು ನಾಲ್ಕು ಪಟ್ಟು. ವಿಹಾರದ ಒಳಗೆ ಬೆಣ್ಣೆದೀಪ ಮಾತ್ರ ಉರಿಯುತ್ತಿರುವಾಗ, ಹೊರಗಿನಿಂದ ದೊಡ್ಡ ವಿದ್ಯುದ್ದೀಪಗಳನ್ನು ತಂದು ಆ ಪ್ರಶಾಂತತೆಯನ್ನು ಕೆಡಿಸದೆ ಚಿತ್ರ ತೆಗೆಯಲು ಇದರಿಂದ ಸಾಧ್ಯ.

ಇಷ್ಟು ಅನುಕೂಲಗಳ ಜೊತೆಗೆ ಒಂದು ಕಠಿಣ ಪರೀಕ್ಷೆಯೂ ಬಂದಿದೆ. ಹಿಂದಿನ ದೂರದರ್ಶನದ ಚಿತ್ರವೊಂದರಲ್ಲಿ ಸುಮಾರು ನಾಲ್ಕು ಲಕ್ಷ ಚುಕ್ಕೆಗಳಿದ್ದವು. ಇಂದಿನ 4ಕೆ ಎಂಬ ಸಿನಿಮಾ ಚಿತ್ರದಲ್ಲಿ 4096ನ್ನು 2160ರಿಂದ ಗುಣಿಸಿದಷ್ಟು, ಎಂದರೆ 88 ಲಕ್ಷ ಮೀರಿದ ಚುಕ್ಕೆಗಳು. ಹಳೆಯ ಚಿತ್ರ ಕ್ಷಮಿಸುತ್ತಿದ್ದ ತಪ್ಪನ್ನು ಇದು ಕ್ಷಮಿಸುವುದಿಲ್ಲ. 85 ಮಿ.ಮೀ. ಮಸೂರವನ್ನು ಟಿ 2.1ರಷ್ಟು ತೆರೆದು ಎರಡು ಮೀಟರು ದೂರದ ಮುಖವನ್ನು ಹಿಡಿದರೆ, ನಿಜವಾಗಿ ಸ್ಪಷ್ಟವಾಗಿ ಕಾಣುವ ಆಳ ಹಳೆಯ ಲೆಕ್ಕದಲ್ಲಿ ಒಂದು ಗೇಣಿಗೂ ಕಡಿಮೆ. ಈ ಹೊಸ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ರೆಪ್ಪೆ ಸ್ಪಷ್ಟವಾಗಿದ್ದರೆ ಕಿವಿ ಮಸುಕು. ಅಷ್ಟು ಕಿರಿದಾದ ಆಳದಲ್ಲಿ ಒಬ್ಬರ ಜೀವಮಾನ ನಿಲ್ಲಬೇಕು. ಕೆನ್ನೆಯ ಒಂದೊಂದು ಸುಕ್ಕು, ಉಗುರಿನ ಸಂದಿಯ ಮಣ್ಣು, ಕಣ್ಣಂಚಿನಲ್ಲಿ ಇನ್ನೂ ಉರುಳದ ಹನಿ ಎಲ್ಲವೂ ಕಾಣುತ್ತವೆ. ಇಷ್ಟು ಕಾಣಿಸುವ ಯಂತ್ರವನ್ನು ಒಬ್ಬರ ಮುಖದ ಮುಂದೆ ಹಿಡಿಯಲು ನಮಗಿರುವ ಅಧಿಕಾರವೇನು? ಪ್ರಶ್ನೆಯನ್ನು ಯಂತ್ರವೇ ಎತ್ತುತ್ತದೆ. ಉತ್ತರವನ್ನು ಮಾತ್ರ ಅದು ಕೊಡಲಾರದು.

ಉತ್ತರ ಎಲ್ಲಿದೆ ಎಂಬುದಕ್ಕೆ ಒಂದು ಸಣ್ಣ ಭೌತಶಾಸ್ತ್ರದ ಸತ್ಯ ಸುಳಿವು ಕೊಡುತ್ತದೆ. ಚಿತ್ರದಲ್ಲಿ ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಪ್ರಮಾಣಸಂಬಂಧವನ್ನು ನಿರ್ಧರಿಸುವುದು ಮಸೂರವೆಂದು ಅನೇಕರು ನಂಬಿದ್ದಾರೆ. ಅಲ್ಲ, ಅದನ್ನು ನಿರ್ಧರಿಸುವುದು ನಾವು ನಿಂತ ಸ್ಥಳ. ಧೊಂಡೆನ್‌ಲಿಂಗಿನ ಒಂದು ಮನೆಯ ಮುಂದೆ ಅಜ್ಜಿಯೊಬ್ಬಳು ಕುಳಿತಿದ್ದಾಳೆ, ಹಿಂದೆ ಬೆಟ್ಟವಿದೆ ಎನ್ನೋಣ. ಬಹು ದೂರ ನಿಂತು ಉದ್ದ ಮಸೂರದಿಂದ ನೋಡಿದರೆ, ಬೆಟ್ಟ ಅವಳ ಬೆನ್ನಿಗೇ ಅಂಟಿಕೊಂಡಂತೆ ದೈತ್ಯವಾಗಿ ನಿಲ್ಲುತ್ತದೆ. ಅಜ್ಜಿ ಆ ಬೆಟ್ಟದ ಒಂದು ಅಲಂಕಾರವಾಗುತ್ತಾಳೆ. ಹತ್ತಿರ ಹೋಗಿ ಗಿಡ್ಡ ಮಸೂರದಿಂದ ನೋಡಿದರೆ, ಬೆಟ್ಟ ವಿನಯದಿಂದ ಹಿಂದೆ ಸರಿಯುತ್ತದೆ, ಅಜ್ಜಿ ಮನುಷ್ಯಳಾಗುತ್ತಾಳೆ. ಮಸೂರ ಮಾಡುವುದು ಕತ್ತರಿಯ ಕೆಲಸ. ಎಷ್ಟನ್ನು ಒಳಗಿಡಬೇಕು, ಎಷ್ಟನ್ನು ಬಿಡಬೇಕು ಎಂಬುದಷ್ಟೆ. ಸಂಬಂಧವನ್ನು ಕಟ್ಟುವುದು ಕಾಲು. ನಿಂತಲ್ಲೇ ನಿಂತು ಜೂಮ್ ಮಾಡಿದಾಗ ವಸ್ತು ದೊಡ್ಡದಾಗುತ್ತದೆಯೇ ಹೊರತು ನಾವು ಅದರ ಹತ್ತಿರ ಹೋದಂತಾಗುವುದಿಲ್ಲ.

ಇದನ್ನು ಅಡಿಗಳ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. ಮುಖ ಮತ್ತು ಎದೆ ತುಂಬಿ ನಿಲ್ಲುವ ಒಂದೇ ಅಳತೆಯ ಚೌಕಟ್ಟಿಗೆ 35 ಮಿ.ಮೀ. ಮಸೂರದವನು ಸುಮಾರು ಮೂರು ಅಡಿ ದೂರದಲ್ಲಿರಬೇಕು, 85 ಮಿ.ಮೀ.ನವನು ಏಳು ಅಡಿ, 400 ಮಿ.ಮೀ.ನವನು ಮೂವತ್ತಮೂರು ಅಡಿ. ಮೂರು ಅಡಿಯೆಂದರೆ ಚಹಾ ಬಟ್ಟಲನ್ನು ಕೈಯಿಂದ ಕೈಗೆ ಕೊಡುವ ದೂರ. ಏಳು ಅಡಿ, ಜಗಲಿಯ ಮೇಲೆ ಎದುರುಬದುರು ಕುಳಿತು ಮಾತಾಡುವ ದೂರ. ಮೂವತ್ತಮೂರು ಅಡಿ, ಬೇಲಿಯಾಚೆಯ ದೂರ. ಬೇಲಿಯಾಚೆ ನಿಂತವನಿಗೆ ಕೇಳಬೇಕಾದ್ದಿಲ್ಲ, ಹೇಳಬೇಕಾದ್ದಿಲ್ಲ. ಮೂರು ಅಡಿ ಹತ್ತಿರಕ್ಕೆ ಹೋಗಬೇಕಾದವನು ಮೊದಲು ಹೆಸರು ಹೇಳಬೇಕು, ಹೆಸರು ಕೇಳಬೇಕು, ಕುಳಿತುಕೋ ಎಂದಾಗ ಕುಳಿತುಕೊಳ್ಳಬೇಕು. ಬೇಡವೆಂದರೆ ಎದ್ದು ಬರಬೇಕು. ಕಿರು ಪ್ರೈಮ್ ಮಸೂರ ನಮಗೆ ಕಲಿಸುವ ಶಿಷ್ಟಾಚಾರ ಇದು.

ಹಾಗೆಂದು ದೂರದ ಮಸೂರವನ್ನು ಪೂರ್ತಿ ನಿಂದಿಸುವುದು ನ್ಯಾಯವಲ್ಲ. ಎರಡು ಬೆಟ್ಟಸಾಲುಗಳ ನಡುವೆ ಯಡಿಯಾರಹಳ್ಳಿ–ದೊಡ್ಡಸಂಪಿಗೆಯ ಆನೆದಾರಿಯುಂಟು. ಮರಿಯೊಡನೆ ಆ ದಾರಿ ದಾಟುವ ಆನೆಯನ್ನು ಮೂರು ಅಡಿ ದೂರದಿಂದ ಚಿತ್ರಿಸಲು ಯಾರೂ ಹೋಗಕೂಡದು. ಅಲ್ಲಿ ದೂರವೇ ಮರ್ಯಾದೆ. ಆನೆಯ ನೆಮ್ಮದಿಗೆ ಭಂಗ ಬಾರದಂತೆ ಅದನ್ನು ತೋರಿಸುವ ಉದ್ದ ಮಸೂರ ಉಪಕಾರಿಯೇ ಸರಿ. ಆನೆಗೆ ಮಾತು ಬಾರದು, ಅದರ ಅನುಮತಿಯನ್ನು ಕೇಳುವಂತಿಲ್ಲ, ಆದ್ದರಿಂದ ದೂರವಿರಬೇಕು. ಮನುಷ್ಯನಿಗೆ ಮಾತು ಬರುತ್ತದೆ. ಆದ್ದರಿಂದ ಹತ್ತಿರ ಹೋಗಿ ಕೇಳಬೇಕು. ಮನುಷ್ಯರನ್ನು ಆನೆಯಂತೆ ಕಂಡಾಗಲೇ ತಪ್ಪು ಮೊದಲಾಗುವುದು.

ಈ ಸೀಮೆಯ ಮಟ್ಟಿಗೆ ಆ ತಪ್ಪು ಬಹುಕಾಲ ನಡೆದಿದೆ. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಇಲ್ಲಿ ತಿರುಗುಮುರುಗಾಯಿತು. ದೂರದವರಿಗೆ ಈ ಬೆಟ್ಟ ಭಯಂಕರವಾಗಿ ಮಾತ್ರ ಕಂಡಿತು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ನಡೆದ ದಾಳಿ, 1993ರ ಪಾಲಾರ್ ಸ್ಫೋಟ, 2000ದ ಜುಲೈ 30ರಂದು ಗಾಜನೂರಿನಿಂದ ಡಾಕ್ಟರ್ ರಾಜಕುಮಾರ್ ಅವರ ಅಪಹರಣ, 108 ದಿನಗಳ ಕಾಯುವಿಕೆ, ಕೊನೆಗೆ 2004ರ ಅಕ್ಟೋಬರ್ 18ರಂದು ವೀರಪ್ಪನ್‌ನ ಸಾವು — ಈ ವರ್ಷಗಳಲ್ಲೆಲ್ಲ ಕೊಳ್ಳೇಗಾಲದ ಕಾಡೆಂದರೆ ಹೊರಗಿನವರ ಕಣ್ಣಿಗೆ ಕಟ್ಟುತ್ತಿದ್ದುದು ಒಂದು ಮೀಸೆ. ಮುಂದೆ ಅದೇ ಕತೆ 2013ರಲ್ಲಿ ‘ಅಟ್ಟಹಾಸ’ವಾಗಿ, 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಆಗಿ ತೆರೆಗೂ ಬಂತು. ಕತೆ ನಡೆದದ್ದು ನಿಜ, ಹೇಳಬೇಕಾದ್ದೂ ನಿಜ. ಆದರೆ ಆ ಮೀಸೆಯ ಹಿಂದೆ, ಸ್ಪಷ್ಟತೆಯ ಆಳಕ್ಕೆ ಸಿಗದೆ ಮಸುಕಾಗಿ ಉಳಿದವರು ಎಷ್ಟು ಮಂದಿ! ರಾಗಿ ಬೆಳೆದ ಸೋಲಿಗ, ಜೋಳ ಬೆಳೆದ ಟಿಬೆಟನ್, ಬೆಟ್ಟಕ್ಕೆ ಹಾಲರವೆ ಹೊತ್ತ ಹುಡುಗಿ. ಇವರ ಮುಖದ ಮೇಲೆ ಯಾರ ಮಸೂರವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಜನಕ್ಕೆ ತಿಳಿಯದಂತೆ ಇನ್ನೊಮ್ಮೆ ಅವರನ್ನು ದೂರದಿಂದ ಸೆರೆಹಿಡಿದರೆ, ಹಳೆಯ ಅನ್ಯಾಯಕ್ಕೆ ಹೊಸ ಯಂತ್ರದ ಸಹಾಯ ಒದಗಿಸಿದಂತಾಗುತ್ತದೆ.

ಹತ್ತಿರ ಹೋಗುವುದೆಂದರೆ ಎಲ್ಲವನ್ನೂ ಬಿಚ್ಚಿ ತೋರಿಸುವುದಲ್ಲ ಎಂಬುದಕ್ಕೆ ನಮ್ಮವರೇ ಒಬ್ಬರ ನಿದರ್ಶನವಿದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಕಣ್ಣಾದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು; ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕಂಬವನ್ನು ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ನಿಲ್ಲಿಸಿದರು. ಆ ಬೆಳಕಿನ ಚೆಲುವೆಲ್ಲ ಸುತ್ತಣ ಕತ್ತಲೆಯನ್ನು ಮುಟ್ಟದೆ ಬಿಟ್ಟದ್ದರಲ್ಲಿದೆ. 88 ಲಕ್ಷ ಚುಕ್ಕೆಗಳನ್ನು ತುಂಬಬಲ್ಲ ಯಂತ್ರ ಕೈಯಲ್ಲಿದ್ದಾಗಲೂ, ಅದರಲ್ಲಿ ಎಷ್ಟನ್ನು ನೆರಳಿಗೆ ಬಿಡಬೇಕೆಂಬ ವಿವೇಕ ಕಣ್ಣಿನದೇ. ಬೆಣ್ಣೆದೀಪದ ಮುಂದೆ ಕುಳಿತ ಮುದುಕನ ಅರ್ಧ ಮುಖ ಕತ್ತಲೆಯಲ್ಲಿದ್ದರೆ, ಆ ಅರ್ಧ ಅವನದಾಗಿಯೇ ಇರಲಿ.

ಇನ್ನೊಂದು ನಿದರ್ಶನ ಹೇಳಿ ಮುಗಿಸುತ್ತೇನೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಅನಂತಮೂರ್ತಿಯವರ ಕತೆಯನ್ನು ಆಧರಿಸಿ ‘ಘಟಶ್ರಾದ್ಧ’ ಮಾಡಿದಾಗ ಅದರ ಛಾಯಾಗ್ರಾಹಕರು ಎಸ್. ರಾಮಚಂದ್ರ. ಕಪ್ಪುಬಿಳುಪಿನ ಚಿತ್ರ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ನಾವು ಯಮುನಕ್ಕನ ದುಃಖವನ್ನು ನೋಡುತ್ತೇವೆ. ಆ ಚಿತ್ರವನ್ನು 4ಕೆ ಗುಣದಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಲವತ್ತೇಳು ವರ್ಷಗಳ ಹಿಂದಿನ ಗಾಜು ಹಿಡಿದಿಟ್ಟದ್ದನ್ನು ಹೊಸ ಯಂತ್ರ ಹೊರತೆಗೆಯಿತು. ಇದರ ಅರ್ಥವನ್ನು ಆ ತರುಣರು ಚೆನ್ನಾಗಿ ಮನನ ಮಾಡಬೇಕು. ಇಂದು ನಾವು ಹಿಡಿದಿಡುವ ಚಿತ್ರವನ್ನು ಐವತ್ತು ವರ್ಷಗಳ ಅನಂತರ ನೋಡುವವರು ನಮಗಿಂತ ಹೆಚ್ಚನ್ನು ಕಾಣಬಹುದು. ಅಜ್ಜಿಯ ಮುಖವನ್ನಷ್ಟೇ ಅಲ್ಲ, ಅವಳು ಕ್ಯಾಮೆರಾದವನನ್ನು ನೋಡಿದ ರೀತಿಯನ್ನೂ ಕಾಣುತ್ತಾರೆ. ಅವನು ಬೇಲಿಯಾಚೆ ನಿಂತಿದ್ದನೋ, ಜಗಲಿಯ ಮೇಲೆ ಕುಳಿತಿದ್ದನೋ ಎಂಬುದೂ ಚಿತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ಯಾವ ಪುನರುಜ್ಜೀವನವೂ ತಿದ್ದಲಾರದು.

ಆದುದರಿಂದ ನನ್ನ ಉತ್ತರ ಹೀಗಿದೆ. 28, 50, 85 ಮಿ.ಮೀ.ನ ಮೂರು ಕಿರು ಪ್ರೈಮ್‌ಗಳನ್ನು ಒಯ್ಯಿರಿ. ಇಪ್ಪತ್ತೆಂಟು ಮನೆಯ ಒಳಗಿಗೆ, ಐವತ್ತು ಮಾತಿಗೆ, ಎಂಬತ್ತೈದು ಮೌನಕ್ಕೆ. ಆನೆ ಕಂಡೀತೆಂಬ ಆಸೆಯಿದ್ದರೆ ಉದ್ದದ್ದೊಂದು ಜೀಪಿನಲ್ಲಿರಲಿ. ಊರೊಳಗೆ ಅದನ್ನು ಪೆಟ್ಟಿಗೆಯಿಂದ ತೆಗೆಯಬೇಡಿ. ಮೊದಲ ಎರಡು ದಿನ ಯಾವುದನ್ನೂ ತೆಗೆಯಬೇಡಿ. ಬರಿಗೈಯಲ್ಲಿ ಹೋಗಿ, ಕೊಟ್ಟ ಚಹಾ ಕುಡಿಯಿರಿ, ಜೋಳದ ತೆನೆ ಸುಲಿಯುವವರ ಜೊತೆ ಕುಳಿತು ನೀವೂ ನಾಲ್ಕು ತೆನೆ ಸುಲಿಯಿರಿ. ಮೂರನೆಯ ದಿನ ಕೇಳಿ. ಆಗಲಿ ಎಂದರೆ ತೆಗೆಯಿರಿ.

ಆ ತರುಣರು ಇನ್ನೂ ಹೊರಟಿಲ್ಲ. ಮಳೆ ನಿಂತು, ಜೋಳ ಕಟಾವಿಗೆ ಬಂದ ಮೇಲೆ ಹೋಗುತ್ತಾರಂತೆ. ಜೂಮ್ ಬೇಕೆಂದಿದ್ದ ಹುಡುಗ ಮೊನ್ನೆ ಮತ್ತೆ ಸಿಕ್ಕಿದ್ದ. ಮಸೂರದ ಮಾತೆತ್ತಲಿಲ್ಲ, ಟಿಬೆಟನ್ ಭಾಷೆಯಲ್ಲಿ ನಮಸ್ಕಾರಕ್ಕೆ ‘ತಾಶಿ ದೆಲೆಕ್’ ಎನ್ನಬೇಕಂತೆ, ಸರಿಯೇ ಎಂದು ಕೇಳಿದ. ಸರಿ ಎಂದೆ.